ರಾಮಣ್ಣ ರೈ ಶಾಲೆಗೆ ಬಂದ ಗಣಿತದ ಮಾಷ್

ಕಳೆದ ಓಣಂ ರಜೆಯಲ್ಲಿ ಕಲೂರಿನ ನಮ್ಮ ಫ್ಲ್ಯಾಟಿನಲ್ಲಿ ಮಗಳ ಜೊತೆ ಕೂತು ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಸಿನಿಮಾವನ್ನು ಎರಡನೇ ಸಲ ನೋಡಿದೆ. ಮೊದಲ ಸಲ ನೋಡಿದ್ದು 2018ರಲ್ಲಿ, ಬಿಡುಗಡೆಯಾದ ಹೊಸತರಲ್ಲಿ, ಊರಿಗೆ ಹೋದಾಗ ಮಂಗಳೂರಿನ ಥಿಯೇಟರಿನಲ್ಲಿ. ಆಗ ಕಣ್ಣೊರೆಸಿಕೊಂಡು ಹೊರಗೆ ಬಂದಿದ್ದೆ. ನಾನು ಕಾಸರಗೋಡು ಜಿಲ್ಲೆಯವನು, ಹತ್ತನೇ ಕ್ಲಾಸಿನವರೆಗೆ ಅಲ್ಲಿನ ಕನ್ನಡ ಮಾಧ್ಯಮದಲ್ಲೇ ಓದಿದವನು. ಅಳು ಬಾರದಿದ್ದರೆ ಆಶ್ಚರ್ಯ.

ಈ ಸಲ ಅಳು ಬರಲಿಲ್ಲ. ಅದಕ್ಕೆ ಕಾರಣ ಮಗಳು. ಸಿನಿಮಾದಲ್ಲಿ ಕನ್ನಡ ಶಾಲೆಗೆ ಮಲಯಾಳಂ ಮಾತ್ರ ಬಲ್ಲ ಗಣಿತದ ಮಾಷ್ ಬರುತ್ತಾರಲ್ಲ, ಆ ದೃಶ್ಯ ನಡೆಯುತ್ತಿತ್ತು. ಮಕ್ಕಳು ಮಿಕಮಿಕ ನೋಡುತ್ತಿದ್ದಾರೆ. ಮಗಳು ನನ್ನ ಕಡೆ ತಿರುಗಿ ಕೇಳಿದಳು: “ಅಪ್ಪಾ, ಅವರು ಸರಿಯಾಗೇ ಹೇಳಿಕೊಡ್ತಾ ಇದ್ದಾರಲ್ಲ, ಇವರಿಗ್ಯಾಕೆ ಅರ್ಥ ಆಗ್ತಾ ಇಲ್ಲ?”

ಅವಳು ಹುಟ್ಟಿ ಬೆಳೆದದ್ದು ಕೊಚ್ಚಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಮಲಯಾಳಂ. ಕನ್ನಡ ಕೇಳಿದರೆ ಅಂದಾಜಾಗುತ್ತದೆ, ಓದಲು ಬರುವುದಿಲ್ಲ. ಆ ದೃಶ್ಯದಲ್ಲಿ ಇಡೀ ಕರ್ನಾಟಕ ಮಕ್ಕಳ ಜೊತೆ ನಿಂತು ನಕ್ಕಿತ್ತು. ನನ್ನ ಮಗಳು ಮಾಷ್ ಜೊತೆ ನಿಂತಿದ್ದಳು. ಸಿನಿಮಾ ಯಾರ ಕಣ್ಣಿನಿಂದ ಕಾಸರಗೋಡನ್ನು ನೋಡುತ್ತಿದೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಆಗ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಸಿನಿಮಾ ಚೆನ್ನಾಗಿಲ್ಲ ಎಂದು ಹೇಳಲು ಹೊರಟಿಲ್ಲ. ರಿಷಬ್ ಶೆಟ್ಟಿ ನಿರ್ದೇಶನ, ವಾಸುಕಿ ವೈಭವ್ ಸಂಗೀತ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ. ಶಾಲೆಯ ಗೋಡೆ ಮೇಲಿನ ಬೋರ್ಡನ್ನೇ ಎತ್ತಿ ಸಿನಿಮಾದ ಹೆಸರು ಮಾಡಿದ್ದು ಎಷ್ಟು ಸರಿಯಾದ ಯೋಚನೆ! ನಮ್ಮ ಕಡೆ ಬಾವಿಯಿಂದ ಹಿಡಿದು ರಂಗಮಂಟಪದವರೆಗೆ ಎಲ್ಲದರ ಮೇಲೂ ‘ಕೊಡುಗೆ’ ಎಂದು ಒಬ್ಬರ ಹೆಸರಿರುತ್ತದೆ. ಸರ್ಕಾರದ ಶಾಲೆ ಊರವರ ಕೈಯಿಂದ ಎದ್ದು ನಿಂತ ಕಥೆ ಆ ಒಂದು ಪದದಲ್ಲಿದೆ. ಪ್ರವೀಣ, ಪಲ್ಲವಿ, ಮಮ್ಮುಟ್ಟಿ ಆಡುವ ಮಾತಿನ ಧಾಟಿಯೂ ನಮ್ಮೂರಿನದೇ. ಮೊದಲರ್ಧದಲ್ಲಿ ನಾನು ಕಲಿತ ಶಾಲೆಯ ಜಗಲಿಯಲ್ಲೇ ಕೂತ ಹಾಗಾಗುತ್ತದೆ.

ತಕರಾರು ದ್ವಿತೀಯಾರ್ಧದ ಬಗ್ಗೆ. ಶಾಲೆ ಮುಚ್ಚುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತಾರೆ. ಅನಂತ್ ನಾಗ್ ಕೋರ್ಟಿನಲ್ಲಿ ಉದ್ದಕ್ಕೆ ಮಾತಾಡುತ್ತಾರೆ, ಕೇಸು ಗೆಲ್ಲುತ್ತಾರೆ, ಬಾಗಿಲು ತೆರೆಯುತ್ತದೆ. ಒಬ್ಬ ಕೆಟ್ಟ ಅಧಿಕಾರಿ, ಒಬ್ಬ ಒಳ್ಳೆಯ ಹಿರಿಯರು, ಒಂದು ಭಾಷಣ, ಒಂದು ತೀರ್ಪು. ಬಾಗಿಲು ತೆರೆಸುವ ಓಟದಲ್ಲಿ, ಒಳಗೆ ಗಣಿತ ಹೇಳಿಕೊಡುವವರು ಯಾರು ಎಂಬ ಮೊದಲಿನ ಪ್ರಶ್ನೆ ಹಿಂದೆ ಉಳಿಯುತ್ತದೆ. ನಿಜವಾದ ಕಾಸರಗೋಡಿನಲ್ಲಿ ಬಹಳಷ್ಟು ಕಡೆ ಬಾಗಿಲು ತೆರೆದೇ ಇದೆ. ತೊಂದರೆ ಇರುವುದು ಒಳಗೆ.

ಒಳಗಿನ ತೊಂದರೆ ಎಂಥದ್ದೆಂದು ಹೇಳಲು ನನ್ನ ಅಕ್ಕನ ಮಗನನ್ನು ಕರೆಯಬೇಕು. ಅವನು ಒಂಬತ್ತನೇ ಕ್ಲಾಸು. ಕನ್ನಡ ಮಾಧ್ಯಮ. ಶಾಲೆಯ ಹೆಸರು ಬೇಡ. ವರ್ಷದ ಆರಂಭದಲ್ಲಿ ಗಣಿತಕ್ಕೆ ಹೊಸ ಮಾಷ್ ಬಂದರು, ಕನ್ನಡ ಬಾರದವರು. ಒಂದು ಶನಿವಾರ ಹುಡುಗ ವೀಡಿಯೊ ಕಾಲ್ ಮಾಡಿದ. “ಮಾಮ, ಪರಪ್ಪಳವ್ ಅಂದ್ರೆ ಎಂತ?”

ವಿಸ್ತೀರ್ಣ ಎಂದೆ. ಆಮೇಲೆ ಒಂದೊಂದಾಗಿ ಹೊರಬಂತು. ಮಲಯಾಳಂನಲ್ಲಿ ಸುತ್ತಳತೆಗೆ ‘ಚುಟ್ಟಳವ್’, ಅದು ಹೇಗೂ ಊಹೆಗೆ ಸಿಗುತ್ತದೆ. ವೃತ್ತ ಎರಡರಲ್ಲೂ ವೃತ್ತವೇ, ವ್ಯಾಸವೂ ವ್ಯಾಸವೇ. ಆದರೆ ತ್ರಿಜ್ಯಕ್ಕೆ ‘ಆರಂ’. ಸಮೀಕರಣಕ್ಕೆ ‘ಸಮವಾಕ್ಯಂ’. ಆಯತಕ್ಕೆ ‘ಚತುರಂ’, ಚೌಕಕ್ಕೆ ‘ಸಮಚತುರಂ’. ಬಾಹುವಿಗೆ ‘ವಶಂ’. ಕನ್ನಡದ ಕಿವಿಗೆ ಚತುರ ಎಂದರೆ ಜಾಣ, ವಶ ಎಂದರೆ ಪೊಲೀಸರು ತೆಗೆದುಕೊಳ್ಳುವುದು. ‘ಸಮಚತುರದ ವಶ’ ಎಂದು ಕೇಳಿದ ಹುಡುಗನ ತಲೆಯಲ್ಲಿ ಮೂಡುವ ಚಿತ್ರ ಯಾವುದು, ನೀವೇ ಯೋಚಿಸಿ.

ಎರಡೂ ಅಕ್ಕಪಕ್ಕದ ಭಾಷೆಗಳಲ್ಲವೇ, ನಾಲ್ಕು ತಿಂಗಳಲ್ಲಿ ಅಭ್ಯಾಸವಾಗುವುದಿಲ್ಲವೇ ಎಂದು ಇಲ್ಲಿನ ಮಲಯಾಳಿ ಗೆಳೆಯರು ಕೇಳುತ್ತಾರೆ. ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಆಗುತ್ತದೆ. ನಮ್ಮ ಹುಡುಗನಿಗೂ ಬೀದಿಯ ಮಲಯಾಳಂ ಗೊತ್ತು. ಆದರೆ ಗಣಿತದ ಕ್ಲಾಸಿನಲ್ಲಿ ಗೊತ್ತಿಲ್ಲದ ಸಂಗತಿಯನ್ನು ಗೊತ್ತಿರುವ ಪದದಿಂದ ಹಿಡಿಯಬೇಕು. ಅಲ್ಲಿ ಪದವೂ ಹೊಸದು, ಸಂಗತಿಯೂ ಹೊಸದು. ಪುಸ್ತಕದಲ್ಲಿ ‘ವಿಸ್ತೀರ್ಣ’, ಮಾಷ್ ಬಾಯಲ್ಲಿ ‘ಪರಪ್ಪಳವ್’, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ‘ವಿಸ್ತೀರ್ಣ’. ಹುಡುಗ ಎರಡು ಸಲ ಕಲಿಯಬೇಕು, ಪರೀಕ್ಷೆ ಬರೆಯಲು ಮಾತ್ರ ಉಳಿದವರಿಗೆ ಸಿಗುವಷ್ಟೇ ಸಮಯ.

ಇದು ಒಂದು ಶಾಲೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಕೇರಳ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಹುದ್ದೆ ಕರೆಯುವಾಗ ‘ಕನ್ನಡ ಮಾಧ್ಯಮ’ ಎಂದು ಪ್ರತ್ಯೇಕವಾಗಿಯೇ ಕರೆಯುತ್ತದೆ. ಹಾಗಿದ್ದೂ ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದದ್ದು ಮತ್ತೆ ಮತ್ತೆ ಸುದ್ದಿಯಾಗಿದೆ. ಪಾಲಕರು ಗೇಟಿನ ಎದುರು ಕೂತಿದ್ದಾರೆ, ಮಕ್ಕಳು ಕ್ಲಾಸು ಬಿಟ್ಟು ಹೊರಗೆ ಬಂದಿದ್ದಾರೆ, ಹೈಕೋರ್ಟಿಗೂ ಹೋಗಿದ್ದಾರೆ. ಆ ಹೈಕೋರ್ಟ್ ಕಲೂರಿನ ನನ್ನ ಮನೆಯಿಂದ ಎರಡು ಮೂರು ಕಿಲೋಮೀಟರ್. ಕಾಸರಗೋಡಿನ ತಂದೆಯೊಬ್ಬರಿಗೆ ಒಂದು ರಾತ್ರಿಯ ರೈಲು. ಪಿಎಸ್‌ಸಿಯ ಕೇಂದ್ರ ಕಚೇರಿಯೂ, ಪಠ್ಯಪುಸ್ತಕ ತಯಾರಿಸುವ ಎಸ್‌ಸಿಇಆರ್‌ಟಿಯೂ ಇರುವುದು ತಿರುವನಂತಪುರದಲ್ಲಿ, ರಾಜ್ಯದ ಇನ್ನೊಂದು ತುದಿಯಲ್ಲಿ. ಸಿನಿಮಾದ ಮಕ್ಕಳು ಮೈಸೂರಿಗೆ ಹೋಗುತ್ತಾರೆ. ನಿಜದ ದಾರಿ ದಕ್ಷಿಣಕ್ಕೆ ಹೋಗುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಉತ್ತರ ಕರ್ನಾಟಕದಿಂದ ಬರಬೇಕೆಂದು ಕರ್ನಾಟಕದ ಪ್ರೇಕ್ಷಕನಿಗೆ ಅನಿಸುವುದು ಸಹಜ. ಆದರೆ ನೇಮಕದ ಕಡತ ಮೈಸೂರಿನ ಯಾವ ಮೇಜಿನ ಮೇಲೂ ಇಲ್ಲ.

ಇನ್ನು ಕೆಟ್ಟ ಅಧಿಕಾರಿ. ನನ್ನ ಕೆಲಸ ಪ್ರಾಜೆಕ್ಟ್ ಮ್ಯಾನೇಜರನದು, ಹಾಗಾಗಿ ಈ ಪಾತ್ರದ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮಲ್ಲಿ ಪ್ರಾಜೆಕ್ಟ್ ಹಾಳಾಗುವುದು ಯಾರೋ ಹಾಳು ಮಾಡಬೇಕೆಂದು ಕೂತಿದ್ದರಿಂದ ಅಲ್ಲ. ಖಾಲಿ ಇದ್ದ ಜಾಗಕ್ಕೆ ಒಬ್ಬರನ್ನು ತುಂಬಿದರೆ ಶೀಟಿನಲ್ಲಿ ಹಸಿರು ಬಣ್ಣ ಬರುತ್ತದೆ. ಜಾವಾ ಬೇಕಿದ್ದಲ್ಲಿ ಟೆಸ್ಟಿಂಗಿನವನನ್ನು ಕೂರಿಸಿದರೂ ಹಸಿರೇ. ಆರು ತಿಂಗಳ ನಂತರ ಕಸ್ಟಮರ್ ಕಿರುಚಿದಾಗ ಎಲ್ಲರೂ ತಮ್ಮ ತಮ್ಮ ಕಾಗದ ತೋರಿಸುತ್ತಾರೆ, ಎಲ್ಲರ ಕಾಗದವೂ ಸರಿಯಾಗಿಯೇ ಇರುತ್ತದೆ. ನಾನೂ ಹಾಗೆ ಕಾಗದ ತೋರಿಸಿದ್ದೇನೆ.

ಶಾಲೆಯಲ್ಲೂ ಹಾಗೆಯೇ. ಅಭ್ಯರ್ಥಿಗೆ ಕೆಲಸ ಬೇಕು, ಪಟ್ಟಿಯಲ್ಲಿ ಹೆಸರು ಬಂದಿದೆ, ಬೇಡವೆನ್ನಲು ಅವರೇನು ಹುಚ್ಚರೇ? ಕಚೇರಿಗೆ ಹುದ್ದೆ ಭರ್ತಿಯಾಗಬೇಕು. ಭಾಷೆ ಗೊತ್ತೆಂಬುದು ಕಾಗದದಲ್ಲಿ ಸಾಬೀತಾಗುತ್ತದೆ, ಪಾಠ ಮಾತ್ರ ಬಾಯಲ್ಲಿ ಆಗಬೇಕು. ಎರಡರ ನಡುವಿನ ಅಂತರ ಒಬ್ಬನಿಗೆ ಮಾತ್ರ ಕಾಣುತ್ತದೆ, ಒಂಬತ್ತನೇ ಕ್ಲಾಸಿನ ಮೂರನೇ ಬೆಂಚಿನಲ್ಲಿ ಕೂತವನಿಗೆ. ಅವನು ತುಂಬಬೇಕಾದ ಫಾರ್ಮು ಯಾವುದೂ ಇಲ್ಲ. ಖಳನನ್ನು ತೋರಿಸಿದ್ದರಿಂದ ಸಿನಿಮಾಕ್ಕೆ ಕ್ಲೈಮ್ಯಾಕ್ಸ್ ಸಿಕ್ಕಿತು, ನಮಗೆ ಸಮಾಧಾನ ಸಿಕ್ಕಿತು. ಆ ಸಮಾಧಾನವೇ ತಪ್ಪು ದಾರಿ.

ಕೇರಳದ ಬಗ್ಗೆ ನ್ಯಾಯವಾಗಿಯೂ ಮಾತಾಡಬೇಕು. 2019ರಲ್ಲಿ ನೀತಿ ಆಯೋಗ ಪ್ರಕಟಿಸಿದ ಶಾಲಾ ಶಿಕ್ಷಣ ಗುಣಮಟ್ಟ ಸೂಚ್ಯಂಕದಲ್ಲಿ ದೊಡ್ಡ ರಾಜ್ಯಗಳ ಪೈಕಿ ಕೇರಳವೇ ಮೊದಲು. ಅದು ಸುಳ್ಳು ಹೆಸರಲ್ಲ. ನನ್ನಂಥವರು ಊರಿನ ಸರ್ಕಾರಿ ಶಾಲೆಯಿಂದ ಹೊರಟು ಎಂಟೆಕ್‌ವರೆಗೆ ತಲುಪಿದ್ದು ಈ ವ್ಯವಸ್ಥೆಯಿಂದಲೇ. ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುವ, ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಬರೆಸುವ ರಾಜ್ಯ ಇದು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂಎ ಇದೆ. ಆದರೆ ಸೂಚ್ಯಂಕ ಎಂದರೆ ಸರಾಸರಿ. ಹದಿನಾಲ್ಕು ಜಿಲ್ಲೆಗಳ ಸರಾಸರಿಯಲ್ಲಿ ಉತ್ತರದ ತುದಿಯ ಎರಡು ತಾಲೂಕುಗಳ ಒಂದು ಮಾಧ್ಯಮ ಕಾಣುವುದೇ ಇಲ್ಲ. 2017ರಲ್ಲಿ ಎಲ್ಲಾ ಶಾಲೆಗಳಲ್ಲೂ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನಲ್ಲಿ ಜನ ಬೀದಿಗಿಳಿದರು. ತಿರುವನಂತಪುರದಲ್ಲಿ ಕೂತವರಿಗೆ ಅದು ಇಂಗ್ಲಿಷ್ ಶಾಲೆಗಳಿಂದ ಮಲಯಾಳಂ ಉಳಿಸುವ ಕಾನೂನು. ಮಂಜೇಶ್ವರದಲ್ಲಿ ನಿಂತು ಓದಿದರೆ ಅದರ ಅರ್ಥ ಬೇರೆ. ದೊಡ್ಡ ಭಾಷೆಯೆದುರು ತನ್ನನ್ನು ಉಳಿಸಿಕೊಳ್ಳಲು ಹೊರಟ ಭಾಷೆ ತನ್ನ ಪಕ್ಕದ ಸಣ್ಣದನ್ನು ನೋಡುವುದಿಲ್ಲ. ಮಲಯಾಳಂ ಮಾತ್ರವಲ್ಲ, ಕನ್ನಡವೂ ಹಾಗೆಯೇ. ತುಳುವರನ್ನು ಕೇಳಿ.

ಹಿನ್ನೆಲೆ ಗೊತ್ತಿಲ್ಲದ ಕಿರಿಯ ಓದುಗರಿಗೆ ಎರಡು ಮಾತು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂದು ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಏನೂ ಆಗಲಿಲ್ಲ. ಕವಿಯೂ ಮಾಷೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನದ ಮಾತಾಡುತ್ತಲೇ ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ನನ್ನ ಅಪ್ಪನ ತಲೆಮಾರಿಗೆ ಅದು ಗಡಿಯ ಪ್ರಶ್ನೆ. ನನ್ನ ತಲೆಮಾರಿಗೆ ಅದು ಉದ್ಯೋಗದ ಪ್ರಶ್ನೆ. ಅಕ್ಕನ ಮಗನಿಗೆ ಅದು ಪರಪ್ಪಳವಿನ ಪ್ರಶ್ನೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಹೇಳುತ್ತದೆ ನಿಜ, ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಒಂಬತ್ತನೇ ಕ್ಲಾಸಿನವನು ಆ ವಾಕ್ಯದಿಂದ ಹೊರಗೆ.

ಮಾತೃಭಾಷೆ ಎಂದೆ. ಸಿನಿಮಾದ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲೇ ಇದೆ. ಕನ್ನಡ ಶಾಲೆಯನ್ನು ಸಮರ್ಥಿಸುವಾಗ ಅದು ಕನ್ನಡತನದ ಅಭಿಮಾನಕ್ಕೆ ಕೈಹಾಕುತ್ತದೆ. ಅದೇ ಸಿನಿಮಾದ ಬೆಂಚುಗಳ ಮೇಲೆ ಕೂತಿರುವವರು ಯಾರು? ನಮ್ಮ ಕ್ಲಾಸಿನಲ್ಲಿ ತುಳು ಮನೆಯವರು, ಹವ್ಯಕರು, ಕೊಂಕಣಿಯವರು, ಬ್ಯಾರಿಗಳು, ಮರಾಠಿಯವರು ಇದ್ದರು. ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಎಷ್ಟು ಮಂದಿ? ಬೆರಳೆಣಿಕೆ. ಸಪ್ತಭಾಷಾ ಭೂಮಿ ಎಂದು ಸಮ್ಮೇಳನದ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದರ ಅರ್ಥ, ಕನ್ನಡ ನಮಗೆ ಹಾಲಿನ ಜೊತೆ ಬಂದದ್ದಲ್ಲ, ಸ್ಲೇಟಿನ ಜೊತೆ ಬಂದದ್ದು. ಎಲ್ಲಾ ಮನೆಯವರೂ ಸೇರಿ ಓದಿಗೆಂದು ಆರಿಸಿಕೊಂಡ ಭಾಷೆ ಅದು. ಮಮ್ಮುಟ್ಟಿ ಎಂಬ ಹುಡುಗ ಕನ್ನಡ ಶಾಲೆಯಲ್ಲಿರುವುದೇ ಸಿನಿಮಾದ ದೊಡ್ಡ ಸತ್ಯ. ಆದರೆ ಸಿನಿಮಾ ಅವನಿಂದ ನಗಿಸಿ ಸುಮ್ಮನಾಗುತ್ತದೆ.

ಕರುಳಿನ ಸಂಬಂಧವೆಂದು ಹೇಳಿದರೆ ವಾದ ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆರಿಸಿಕೊಂಡ ಭಾಷೆ ಎಂದರೆ ಕಷ್ಟ. ಆರಿಸಿಕೊಂಡವರು ಬೇರೆಯದನ್ನೂ ಆರಿಸಿಕೊಳ್ಳಬಹುದಲ್ಲ? ಆರಿಸಿಕೊಳ್ಳುತ್ತಲೂ ಇದ್ದಾರೆ. ಮಲಯಾಳಂ ಅಲ್ಲ, ಇಂಗ್ಲಿಷ್. ಮಾಧ್ಯಮವನ್ನು ಆರಿಸುವ ಹಕ್ಕು ಸರ್ಕಾರದ್ದಲ್ಲ, ಮಗುವಿನ ಪರವಾಗಿ ಪಾಲಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿತು. ಸಿನಿಮಾ ಬಂದ ಮರುವರ್ಷ, 2019ರಲ್ಲಿ, ಕರ್ನಾಟಕ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಲು ಹೊರಟಿತು. ಕಾಸರಗೋಡಿನ ಕನ್ನಡ ಶಾಲೆಗೆ ಥಿಯೇಟರಿನಲ್ಲಿ ಅತ್ತವರು ತಮ್ಮ ಮಕ್ಕಳನ್ನು ಎಲ್ಲಿ ಸೇರಿಸಿದ್ದಾರೆಂದು ಕೇಳಬೇಡಿ. ನನ್ನನ್ನೂ ಕೇಳಬೇಡಿ.

ಇದು ನಮ್ಮ ಎರಡು ರಾಜ್ಯಗಳ ಜಗಳ ಮಾತ್ರ ಅಲ್ಲವೆಂದು ನನಗೆ ತೋರಿಸಿದವನು ನಮ್ಮ ಪ್ರಾಜೆಕ್ಟಿನ ಒಬ್ಬ ಸಹೋದ್ಯೋಗಿ. ನೈಜೀರಿಯಾದವನು, ಮನೆಮಾತು ಯೊರುಬಾ. ಶನಿವಾರದ ಗಣಿತ ಪಾಠದ ವಿಷಯ ಹೇಳಿದಾಗ ಅವನು ಇಫೆಯ ಕಥೆ ತೆಗೆದ. 1970ರಲ್ಲಿ ಇಲೆ-ಇಫೆ ಪಟ್ಟಣದಲ್ಲಿ ಬಾಬತುಂಡೆ ಫಫುನ್ವಾ ಎಂಬ ಶಿಕ್ಷಣತಜ್ಞರ ಮುಂದಾಳತ್ವದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮಕ್ಕಳಿಗೆ ಆರು ವರ್ಷವೂ ಗಣಿತ, ವಿಜ್ಞಾನ ಎಲ್ಲವನ್ನೂ ಯೊರುಬಾದಲ್ಲೇ ಕಲಿಸಿದರು, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ. ಇನ್ನು ಕೆಲವರನ್ನು ಮೂರು ವರ್ಷಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಯೊರುಬಾದಲ್ಲಿ ಓದಿದವರೇ ಮುಂದೆ ಬಂದರು, ಇಂಗ್ಲಿಷಿನಲ್ಲೂ ಸಹ. ಲೋಕದಲ್ಲೆಲ್ಲ ಉದಾಹರಿಸುವ ಪ್ರಯೋಗ ಅದು. ಅದು ನಡೆದ ದೇಶದಲ್ಲಿ ಏನಾಯಿತು? 1977ರ ರಾಷ್ಟ್ರೀಯ ನೀತಿ ಮಾತೃಭಾಷೆಯ ಮಾತಾಡಿತು. ಪುಸ್ತಕವೂ ಶಿಕ್ಷಕರೂ ಸಾಲಲಿಲ್ಲ. 2022ರಲ್ಲಿ ಪ್ರಾಥಮಿಕದ ಆರೂ ವರ್ಷ ಮಾತೃಭಾಷೆ ಎಂದು ಮತ್ತೆ ತೀರ್ಮಾನಿಸಿದರು. 2025ರ ನವೆಂಬರಿನಲ್ಲಿ, ಪರೀಕ್ಷೆಯ ಫಲಿತಾಂಶ ಕೆಟ್ಟಿದೆ ಎಂದು ಹೇಳಿ ರದ್ದು ಮಾಡಿದರು.

ನೀತಿಯನ್ನು ಕಾಗದದಲ್ಲಿ ಕೊಟ್ಟು, ಆ ಭಾಷೆಯಲ್ಲಿ ಪಾಠ ಮಾಡಬಲ್ಲ ಶಿಕ್ಷಕರನ್ನು ಕೊಡದೆ, ಕೊನೆಗೆ ಭಾಷೆಯದೇ ತಪ್ಪೆಂದು ಬರೆಯುವುದು. ಈ ವರದಿಯನ್ನು ನಾನು ಎಲ್ಲಿ ಬೇಕಾದರೂ ಗುರುತಿಸಬಲ್ಲೆ. ಕಾಸರಗೋಡಿನಲ್ಲೂ ಕೊನೆಗೆ ಬರುವುದು ಅದೇ ವಾಕ್ಯ: “ಕನ್ನಡ ಮಾಧ್ಯಮಕ್ಕೆ ಮಕ್ಕಳೇ ಬರುವುದಿಲ್ಲ.”

ಈಗ ಮತ್ತೆ ಆ ಮಾಷ್ ವಿಷಯಕ್ಕೆ ಬರುತ್ತೇನೆ. ಸಿನಿಮಾದ ಮಾಷ್ ನಗೆಪಾಟಲಾಗುವ ಮನುಷ್ಯ. ಅಕ್ಕನ ಮಗನ ಮಾಷ್ ಹಾಗಲ್ಲ. ದೀಪಾವಳಿಯ ಹೊತ್ತಿಗೆ ಹುಡುಗ ನನಗೆ ಒಂದು ಫೋಟೋ ಕಳಿಸಿದ. ಕಪ್ಪುಹಲಗೆಯ ಒಂದು ಬದಿಯಲ್ಲಿ ಗೆರೆ ಎಳೆದು ಎರಡು ಸಾಲು ಪದ. ಎಡಕ್ಕೆ ಮಲಯಾಳಂ ಲಿಪಿ, ಬಲಕ್ಕೆ ಕನ್ನಡ ಲಿಪಿ. ಆರಂ, ತ್ರಿಜ್ಯ. ವಶಂ, ಬಾಹು. ಪರಪ್ಪಳವ್, ವಿಸ್ತಿರ್ಣ. ಕನ್ನಡವನ್ನು ಬರೆದದ್ದು ಮಾಷ್. ಅಕ್ಷರಗಳು ಒಂದನೇ ಕ್ಲಾಸಿನ ಮಗು ಬರೆದ ಹಾಗೆ ದುಂಡಗೆ, ಒಂದೊಂದಾಗಿ. ‘ಸ್ತಿ’ಗೆ ದೀರ್ಘ ಹಾಕಿ ಎಂದು ನನ್ನ ಅಳಿಯನೇ ಎದ್ದು ಹೇಳಿದನಂತೆ. ಅವರು ಅಳಿಸಿ ಸರಿ ಮಾಡಿದರಂತೆ, ಥ್ಯಾಂಕ್ಸ್ ಕೂಡ ಹೇಳಿದರಂತೆ.

ಆ ಫೋಟೋ ನೋಡಿ ಖುಷಿಯಾಯಿತು. ಎರಡು ದಿನ ಕಳೆದ ಮೇಲೆ ಖುಷಿ ಉಳಿಯಲಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಮತ್ತು ಮೂವತ್ತು ಮಕ್ಕಳು ಸೇರಿ, ಗಣಿತ ಕಲಿಯಬೇಕಾದ ಸಮಯದಲ್ಲಿ, ನೇಮಕದ ತಪ್ಪನ್ನು ಸರಿಪಡಿಸುತ್ತಿದ್ದಾರೆ. ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ಟೀಮಿಗೆ ಬಹುಮಾನ ಕೊಟ್ಟು ಮೂಲ ತಪ್ಪನ್ನು ಮರೆತುಬಿಡುತ್ತೇವೆ. ಕೇಳಬೇಕಾದದ್ದು ಬಹಳ ದೊಡ್ಡದೇನೂ ಅಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು ನೇಮಕದ ಮೊದಲು ಕನ್ನಡ ಮಕ್ಕಳೆದುರು ನಿಂತು ಕನ್ನಡದಲ್ಲಿ ಅರ್ಧ ಗಂಟೆ ಪಾಠ ಮಾಡಿ ತೋರಿಸಲಿ. ಈ ಬೇಡಿಕೆಗೆ ಗಡಿ ಬದಲಾಗಬೇಕಿಲ್ಲ, ಮೈಸೂರಿನಿಂದ ಯಾರೂ ಬರಬೇಕಿಲ್ಲ. ಸಿನಿಮಾದ ಕೋರ್ಟ್ ಭಾಷಣದಲ್ಲಿ ನನಗೆ ಕೇಳಬೇಕಿದ್ದದ್ದು ಇಂಥದ್ದೊಂದು ಸಪ್ಪೆ ವಾಕ್ಯ.

ಕಳೆದ ಜೂನಿನಲ್ಲಿ ಅಕ್ಕ ಕಿರಿಯವಳ ಟಿ.ಸಿ. ತೆಗೆದು ಹತ್ತಿರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಳು. ಫೋನಿನಲ್ಲಿ ಹೇಳುವಾಗ ಸ್ವರ ಸ್ವಲ್ಪ ತಗ್ಗಿಸಿದಳು, ನಾನು ಏನಾದರೂ ಅಂದೇನೆಂದು. “ಅಣ್ಣನ ಅವಸ್ಥೆ ನೋಡಿ ಸಾಕಾಯ್ತು. ನೀನು ಕೂಡ ನಿನ್ನ ಮಗಳನ್ನು ಅಲ್ಲಿ ಕನ್ನಡಕ್ಕೆ ಹಾಕಲಿಲ್ವಲ್ಲ,” ಎಂದಳು.

ಇಲ್ಲ ಎಂದೆ.

ಕಲೂರಿನಲ್ಲಿ ಕನ್ನಡ ಶಾಲೆ ಇಲ್ಲ ಎಂದು ಸೇರಿಸಬಹುದಿತ್ತು. ಇದ್ದಿದ್ದರೆ ಹಾಕುತ್ತಿದ್ದೆನೇ ಎಂದು ಅವಳು ಕೇಳಿದರೆ ಹೇಳಲು ಉತ್ತರವಿರಲಿಲ್ಲ. ಯಾವ ಅಧಿಕಾರಿಯೂ ಬೀಗ ಹಾಕಲಿಲ್ಲ, ಯಾವ ಕೋರ್ಟಿನಲ್ಲೂ ಈ ಕೇಸು ಬರುವುದಿಲ್ಲ. ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಯಿತು.

ಶನಿವಾರದ ಪಾಠ ಮುಂದುವರಿದಿದೆ. ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೆ ಆರಂ ಗೊತ್ತು, ಅವನಿಗೆ ತ್ರಿಜ್ಯ ಗೊತ್ತು. ಇಬ್ಬರೂ ಮಾತಾಡಿಕೊಳ್ಳುವುದು ತುಳುವಿನಲ್ಲಿ.